ಬಿಸಿಗೆ ಬಿದ್ದು ತಂಪಿಗೆ ಎದ್ದ ನೊಣಗಳು

ಏಪ್ರಿಲ್ ಬಂತೆಂದರೆ ದಾವಣಗೆರೆಯ ಬಿಸಿಲಿಗೆ ಎದುರಾಡುವವರಿಲ್ಲ. ಮಧ್ಯಾಹ್ನದ ಹೊತ್ತು ನಮ್ಮ ಎಸ್.ಎಸ್. ಬಡಾವಣೆಯ ಬೀದಿಗಳೆಲ್ಲ ಬಣಗುಡುತ್ತವೆ. ಬಾಗಿಲು ಹಾಕಿಕೊಂಡು ಫ್ಯಾನಿನ ಕೆಳಗೆ ಕೂತವರಿಗೂ ಸೆಖೆ ತಪ್ಪುವುದಿಲ್ಲ. ಆದರೆ ಅಡುಗೆಮನೆಯಲ್ಲಿರುವ ಒಂದು ಜೀವಿಗೆ ಈ ಸೆಖೆ ಲೆಕ್ಕಕ್ಕೇ ಇಲ್ಲ. ಕಳಿತ ಬಾಳೆಹಣ್ಣಿನ ಚಿಪ್ಪಿನ ಮೇಲೆ, ಹೆಚ್ಚಿಟ್ಟ ಮಾವಿನಹಣ್ಣಿನ ಸಿಪ್ಪೆಯ ಸುತ್ತ ಅದು ಹಾರಾಡುತ್ತಲೇ ಇರುತ್ತದೆ. ಕೈ ಬೀಸಿದರೆ ಚದುರಿ, ಕೈ ತೆಗೆದರೆ ಮತ್ತೆ ಅಲ್ಲಿಗೇ ಬರುತ್ತದೆ. ಮೂರು ಮಿಲಿಮೀಟರ್ ಉದ್ದವೂ ಇಲ್ಲದ, ಕೆಂಪು ಕಣ್ಣಿನ ಹಣ್ಣುನೊಣ ಅದು. ಜೀವವಿಜ್ಞಾನಿಗಳು ಅದನ್ನು ಡ್ರೊಸೊಫಿಲ ಎಂದು ಕರೆಯುತ್ತಾರೆ.

ಡ್ರೊಸೊಫಿಲದಲ್ಲಿ ಕೆಲವು ವಿಚಿತ್ರ ತಳಿಗಳಿವೆ. 22 ಡಿಗ್ರಿ ತಂಪಿನಲ್ಲಿ ಅವು ಎಲ್ಲ ನೊಣಗಳಂತೆಯೇ ತಿನ್ನುತ್ತವೆ, ಹಾರುತ್ತವೆ, ಮೊಟ್ಟೆ ಇಡುತ್ತವೆ. ಅವನ್ನು ಸಾಕಿದ ಬಾಟಲಿಯನ್ನು 29 ಡಿಗ್ರಿ ಬಿಸಿಗೆ ಒಡ್ಡಿದರೆ ಕೆಲವೇ ಸೆಕೆಂಡುಗಳಲ್ಲಿ ಕಾಲು ಸೋತು ತಳಕ್ಕೆ ಉದುರಿ, ಅಲುಗಾಡದೆ ಬಿದ್ದುಕೊಳ್ಳುತ್ತವೆ. ಸತ್ತವು ಎಂದುಕೊಳ್ಳುವ ಹಾಗಿಲ್ಲ. ಬಾಟಲಿಯನ್ನು ತಂಪಿಗೆ ತಂದರೆ ಎದ್ದು ನಿಂತು ಮತ್ತೆ ಹಾರುತ್ತವೆ. ನಮ್ಮ ಊರಿನ ಬೇಸಿಗೆಯಲ್ಲಿ ಈ ತಳಿಯ ನೊಣ ಹಗಲು ಹೊತ್ತು ಒಂದು ಹೆಜ್ಜೆಯನ್ನೂ ಇಡಲಾರದು.

ನರಕೋಶಗಳು ಒಂದರೊಡನೊಂದು ಹೇಗೆ ಮಾತಾಡುತ್ತವೆ ಎಂಬ ಪ್ರಶ್ನೆಗೆ ಇಂದು ನಮ್ಮ ಕೈಯಲ್ಲಿರುವ ಉತ್ತರದ ದೊಡ್ಡ ಭಾಗ ಹೀಗೆ ಬಿದ್ದು ಎದ್ದ ನೊಣಗಳಿಂದ ಬಂದದ್ದು. ಅವುಗಳಲ್ಲಿ ಒಂದನ್ನು ಹುಡುಕಿ ತೆಗೆದ ಇಬ್ಬರಲ್ಲಿ ಒಬ್ಬರು, ಮುಂದೆ ಬೆಂಗಳೂರಿನಲ್ಲಿ ದೊಡ್ಡದೊಂದು ಸಂಶೋಧನಾ ಸಂಸ್ಥೆ ಕಟ್ಟಿ, ಕೊನೆಯವರೆಗೂ ಅಲ್ಲಿಯೇ ದುಡಿದ ಒಬೈದ್ ಸಿದ್ದಿಕಿ. ಕನ್ನಡದ ಓದುಗರು ಇವರ ಕತೆಯನ್ನು ತಿಳಿದಿರಬೇಕು.

ನಡುವಿನ ಸಂದು

ಮೊದಲು ಪ್ರಶ್ನೆ ಹುಟ್ಟಿದ ಬಗೆಯನ್ನು ನೋಡೋಣ. ಇಟಲಿಯ ಕಮಿಲೊ ಗಾಲ್ಜಿ 1873ರಲ್ಲಿ ಬೆಳ್ಳಿಯ ಲವಣ ಬಳಸಿ ನರಕೋಶಕ್ಕೆ ಕಪ್ಪು ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದ. ಅದೇ ವಿಧಾನವನ್ನು ತಿದ್ದಿ ತೀಡಿದ ಸ್ಪೇನಿನ ಸಾಂಟಿಯಾಗೊ ರಾಮೊನ್ ಇ ಕಹಾಲ್, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕೈಯಿಂದ ಬರೆಯುತ್ತಾ ಹೋದ. ಮಿದುಳು ಅಖಂಡವಾದ ಒಂದು ಬಲೆ ಎಂಬುದು ಗಾಲ್ಜಿಯ ನಂಬಿಕೆ. ಪ್ರತಿ ನರಕೋಶವೂ ಬಿಡಿಬಿಡಿ, ಒಂದರ ತುದಿ ಇನ್ನೊಂದರ ಹತ್ತಿರ ಬಂದು ನಿಲ್ಲುತ್ತದೆ ಎಂಬುದು ಕಹಾಲನ ವಾದ. 1906ರಲ್ಲಿ ಇಬ್ಬರಿಗೂ ಸೇರಿಯೇ ನೊಬೆಲ್ ಬಂತು, ಜಗಳ ಮಾತ್ರ ಮುಗಿಯಲಿಲ್ಲ. ಕಾಲಾನಂತರ ಗೆದ್ದದ್ದು ಕಹಾಲನ ವಾದ. ಎರಡು ಕೋಶಗಳು ಎದುರಾಗುವ ಆ ತಾಣಕ್ಕೆ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1897ರಲ್ಲಿಯೇ ಸಿನಾಪ್ಸ್ ಎಂದು ಹೆಸರಿಟ್ಟಿದ್ದ.

ಸಿನಾಪ್ಸಿನಲ್ಲಿರುವ ಸಂದಿನ ಅಗಲ ಸುಮಾರು 20 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲು. ನರದಲ್ಲಿ ಹರಿದು ಬರುವುದು ವಿದ್ಯುತ್ ಸ್ಪಂದನ. ಅದು ಈ ಸಂದನ್ನು ದಾಟುವುದು ಹೇಗೆ? ಆಸ್ಟ್ರಿಯಾದಲ್ಲಿದ್ದ ಆಟೊ ಲೂವಿ 1921ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ದಾರಿ ತೋರಿತು. ಒಂದು ಕಪ್ಪೆಯ ಹೃದಯದ ನರವನ್ನು ಕೆಣಕಿ ಬಡಿತ ನಿಧಾನವಾಗುವಂತೆ ಮಾಡಿ, ಆ ಹೃದಯ ಮುಳುಗಿದ್ದ ದ್ರವವನ್ನು ಆತ ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದ. ನರದ ಸಂಪರ್ಕವೇ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು. ನರದ ತುದಿಯಿಂದ ಯಾವುದೋ ರಾಸಾಯನಿಕ ಸುರಿದಿರಲೇಬೇಕು. ಅದು ಅಸಿಟೈಲ್‌ಕೋಲಿನ್ ಎಂಬುದು ಮುಂದೆ ಖಚಿತವಾಯಿತು. ಆ ರಾಸಾಯನಿಕ ಹನಿಹನಿಯಾಗಿ ಸೋರುವುದಿಲ್ಲ, ಗೊತ್ತಾದ ಅಳತೆಯ ಪೊಟ್ಟಣಗಳಾಗಿ ಬೀಳುತ್ತದೆ ಎಂಬುದನ್ನು 1950ರ ದಶಕದ ಆರಂಭದಲ್ಲಿ ಲಂಡನ್ನಿನ ಬರ್ನಾರ್ಡ್ ಕಾಟ್ಸ್ ಮತ್ತು ಪಾಲ್ ಫಾಟ್ ತೋರಿಸಿದರು. ಕೆಲವೇ ವರ್ಷಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಪೊಟ್ಟಣಗಳೇ ಕಣ್ಣಿಗೆ ಬಿದ್ದವು. ನರದ ತುದಿಯಲ್ಲಿ ಸುಮಾರು 40 ನ್ಯಾನೊಮೀಟರ್ ಗಾತ್ರದ ಉರುಟು ಚೀಲಗಳು ಒತ್ತೊತ್ತಾಗಿ ತುಂಬಿದ್ದವು. ವಿದ್ಯುತ್ ಸ್ಪಂದನ ಬಂದ ಕೂಡಲೇ ಕೆಲವು ಚೀಲಗಳು ಅಂಚಿನ ಪೊರೆಗೆ ಬೆಸೆದುಕೊಂಡು ತಮ್ಮೊಳಗಿನ ಸಾವಿರಾರು ಅಣುಗಳನ್ನು ಸಂದಿಗೆ ಸುರಿಯುತ್ತವೆ. ಎದುರಿನ ಕೋಶ ಅವನ್ನು ಹಿಡಿದುಕೊಳ್ಳುತ್ತದೆ. ಇಷ್ಟೆಲ್ಲ ನಡೆಯಲು ಒಂದು ಮಿಲಿಸೆಕೆಂಡ್ ಸಾಕು.

ಇಷ್ಟು ತಿಳಿದ ಮೇಲೂ ದೊಡ್ಡದೊಂದು ಕತ್ತಲೆ ಉಳಿದಿತ್ತು. ಸ್ಪಂದನವನ್ನು ಹರಿಸುವುದು ಯಾವ ಪ್ರೋಟೀನು? ಚೀಲವನ್ನು ಪೊರೆಗೆ ಬೆಸೆಯುವುದು ಯಾವುದು? ಸುರಿದು ಖಾಲಿಯಾದ ಚೀಲ ಏನಾಗುತ್ತದೆ? ನರದ ತುದಿಯಲ್ಲಿ ನೂರಾರು ಬಗೆಯ ಪ್ರೋಟೀನುಗಳಿವೆ. ಯಾವುದು ಯಾವ ಕೆಲಸಕ್ಕೆ ಎಂದು ತಿಳಿಯಲು ಅವನ್ನು ಸುಮ್ಮನೆ ನೋಡುತ್ತಾ ಕೂತರೆ ಸಾಲದಾಗಿತ್ತು.

ಕೆಡಿಸಿ ಕಲಿಯುವ ದಾರಿ

ತಳಿವಿಜ್ಞಾನಿಗಳ ದಾರಿಯೇ ಬೇರೆ. ಅವರು ಒಂದು ಸಮಯಕ್ಕೆ ಒಂದು ಜೀನ್ ಕೆಡಿಸಿ, ಏನು ನಿಂತುಹೋಯಿತು ಎಂದು ನೋಡುತ್ತಾರೆ. ನರಮಂಡಲದ ವಿಷಯದಲ್ಲಿ ಇದಕ್ಕೆ ಒಂದು ಅಡ್ಡಿಯಿತ್ತು. ನರಕೋಶಗಳ ಮಾತನ್ನೇ ನಿಲ್ಲಿಸುವಂಥ ಜೀನ್ ಕೆಟ್ಟರೆ ಪ್ರಾಣಿ ಮೊಟ್ಟೆಯೊಡೆಯುವ ಮೊದಲೇ ಸಾಯುತ್ತದೆ. ಸತ್ತ ಭ್ರೂಣದಿಂದ ಕಲಿಯುವುದು ಕಷ್ಟ.

ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳ ಮೇಲೆ ಕೆಲಸ ಮಾಡುತ್ತಿದ್ದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಜೀನಿನಲ್ಲಿ ಒಂದೇ ಅಕ್ಷರ ಬದಲಾದಾಗ ಕೆಲವೊಮ್ಮೆ ಪ್ರೋಟೀನ್ ಪೂರ್ತಿ ಕೆಡುವುದಿಲ್ಲ, ದುರ್ಬಲವಾಗುತ್ತದೆ ಅಷ್ಟೆ. ತಂಪಿನಲ್ಲಿ ಅದು ತನ್ನ ಆಕಾರ ಉಳಿಸಿಕೊಂಡು ಕೆಲಸ ಮಾಡುತ್ತದೆ, ಬಿಸಿಗೆ ಆಕಾರ ಕಳೆದುಕೊಳ್ಳುತ್ತದೆ. ಅಂಥ ಜೀವಿಯನ್ನು ತಂಪಿನಲ್ಲಿ ಸಾಕಿ, ಬೇಕಾದಾಗ ಬಿಸಿ ಮಾಡಿ ಆ ಒಂದು ಪ್ರೋಟೀನನ್ನು ನಿಲ್ಲಿಸಬಹುದು, ತಂಪು ಮಾಡಿ ಮತ್ತೆ ಚಾಲೂ ಮಾಡಬಹುದು.

ಕೆನಡಾದ ವ್ಯಾಂಕೂವರ್‌ನಲ್ಲಿ ಡೇವಿಡ್ ಸುಜುಕಿ ಈ ಉಪಾಯವನ್ನು ನೊಣಕ್ಕೆ ತಂದರು. ಗಂಡು ನೊಣಗಳಿಗೆ ಜೀನ್ ಕೆಡಿಸುವ ರಾಸಾಯನಿಕ ಬೆರೆಸಿದ ಸಕ್ಕರೆ ನೀರು ಕುಡಿಸುವುದು, ಅವುಗಳ ಮಕ್ಕಳನ್ನು ತಂಪಿನಲ್ಲಿ ಬೆಳೆಸುವುದು, ಆಮೇಲೆ ಬಿಸಿಗೆ ಒಡ್ಡುವುದು. ಸಾವಿರಾರು ನೊಣಗಳು ಏನೂ ಆಗದೆ ಓಡಾಡುತ್ತಿರುವಾಗ ಒಂದೋ ಎರಡೋ ತಳಕ್ಕೆ ಬೀಳುತ್ತವೆ. ಅವೇ ಬೇಕಾದವು. ಹೀಗೆ 1971ರಲ್ಲಿ ಪ್ಯಾರಾ ಎಂಬ ತಳಿಯೂ, 1973ರಲ್ಲಿ ಶಿಬಿರೆ ಎಂಬ ತಳಿಯೂ ಬೆಳಕಿಗೆ ಬಂದವು. ಎರಡೂ 29 ಡಿಗ್ರಿಗೆ ಬೀಳುತ್ತಿದ್ದವು. ಒಳಗೆ ಕೆಟ್ಟಿರುವುದು ಒಂದೇ ಭಾಗವೋ ಬೇರೆಬೇರೆಯೋ ಆಗ ಯಾರಿಗೂ ತಿಳಿದಿರಲಿಲ್ಲ.

ಆಲಿಕಲ್ಲು ಬಿದ್ದ ಗೋಧಿ ಹೊಲ

ಒಬೈದ್ ಸಿದ್ದಿಕಿ ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಅಲಿಗಢದಲ್ಲಿ ಸಸ್ಯಶಾಸ್ತ್ರ ಓದಿ, ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗೋಧಿಯ ತಳಿವಿಜ್ಞಾನಕ್ಕೆ ಇಳಿದರು. ಪ್ರಯೋಗಕ್ಕೆಂದು ಬೆಳೆಸಿದ ಗೋಧಿ ಆಲಿಕಲ್ಲು ಮಳೆಗೆ ನೆಲಕಚ್ಚಿತು. ಕೈಗೆ ಬಂದ ಫಸಲು ಹೀಗೆ ಕಣ್ಣೆದುರೇ ಹೋಗುವ ಸಂಕಟ ಹರಿಹರ, ದಾವಣಗೆರೆ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಸಿದ್ದಿಕಿ ಅಲ್ಲಿಂದ ಗ್ಲಾಸ್ಗೊಗೆ ಹೋಗಿ, ಗೈಡೊ ಪಾಂಟಿಕಾರ್ವೊ ಬಳಿ ಗಾಜಿನ ತಟ್ಟೆಯಲ್ಲಿ ಬೆಳೆಯುವ ಶಿಲೀಂಧ್ರದ ಮೇಲೆ ಕೆಲಸ ಮಾಡಿ 1961ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಅಮೆರಿಕದಲ್ಲಿ ಆಲನ್ ಗ್ಯಾರನ್ ಜೊತೆ ಬ್ಯಾಕ್ಟೀರಿಯಾದ ಮೇಲೆ ಮಾಡಿದ ಕೆಲಸ, ಪ್ರೋಟೀನ್ ತಯಾರಿಕೆಗೆ ಪೂರ್ಣವಿರಾಮ ಹಾಕುವ ಜೀನ್ ಸಂಕೇತಗಳನ್ನು ಅರ್ಥಮಾಡಿಕೊಳ್ಳಲು ನೆರವಾಯಿತು.

1962ರಲ್ಲಿ ಹೋಮಿ ಭಾಭಾ ಸಿದ್ದಿಕಿಯವರನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆದರು. ಭೌತವಿಜ್ಞಾನಿಗಳೂ ಗಣಿತಜ್ಞರೂ ತುಂಬಿದ್ದ ಆ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದ ವಿಭಾಗ ತೆರೆಯುವ ಹೊಣೆ ಮೂವತ್ತರ ಹರೆಯದ ಸಿದ್ದಿಕಿಯ ಹೆಗಲಿಗೆ ಬಂತು. ಹತ್ತು ವರ್ಷ ಬ್ಯಾಕ್ಟೀರಿಯಾದ ಜೊತೆ ಕಳೆದ ಮೇಲೆ ಅವರ ಮನಸ್ಸು ಮಿದುಳಿನತ್ತ ಹೊರಳಿತು. ಆಗ ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್‌ನಲ್ಲಿ ಸೀಮೋರ್ ಬೆಂಜರ್ ನೊಣದ ನಡವಳಿಕೆಯನ್ನು ಜೀನುಗಳ ಮೂಲಕ ಓದುವ ಹೊಸ ಶಾಸ್ತ್ರವನ್ನೇ ಕಟ್ಟುತ್ತಿದ್ದರು. ದಿನದ ಗಡಿಯಾರವನ್ನು ಏರುಪೇರು ಮಾಡುವ ಜೀನ್ 1971ರಲ್ಲಿ ಅವರದೇ ಪ್ರಯೋಗಶಾಲೆಯಲ್ಲಿ ಸಿಕ್ಕಿತ್ತು. ಸಿದ್ದಿಕಿ ಅಲ್ಲಿಗೆ ಹೋದರು.

ಇಬ್ಬರೂ ಸೇರಿ ಬಿಸಿಗೆ ಬೀಳುವ ಹೊಸ ತಳಿಯೊಂದನ್ನು ಹುಡುಕಿದರು. ಅದು ಪ್ಯಾರಾದಂತೆ ತಂಪಿಗೆ ತಂದ ಕೂಡಲೇ ಏಳುತ್ತಿರಲಿಲ್ಲ. 38 ಡಿಗ್ರಿ ಬಿಸಿಗೆ ಬಿದ್ದರೆ, ತಂಪಾದ ಮೇಲೂ ಬಹಳ ಹೊತ್ತು ಪ್ರಜ್ಞೆಯಿಲ್ಲದಂತೆ ಮಲಗಿರುತ್ತಿತ್ತು. ಅದಕ್ಕೇ ಕೋಮಟೋಸ್ ಎಂದು ಹೆಸರಿಟ್ಟರು. ಈ ನೊಣದ ಗುಟ್ಟು ಬಿಚ್ಚಿಕೊಳ್ಳಲು ಇಪ್ಪತ್ತು ವರ್ಷ ಬೇಕಾಯಿತು.

ನೊಣ ಬಿದ್ದರೆ ಕೆಟ್ಟಿರುವುದು ಸ್ನಾಯುವೋ ನರವೋ ಎಂಬುದು ಅವರ ಮುಂದಿದ್ದ ಮೊದಲ ಪ್ರಶ್ನೆ. ಅದಕ್ಕಾಗಿ ಅವರು ನೊಣದ ಎದೆಗೂಡಿನಲ್ಲಿರುವ ಹಾರಾಟದ ಸ್ನಾಯುಗಳನ್ನು ಆರಿಸಿಕೊಂಡರು. ಅಷ್ಟು ಪುಟ್ಟ ಮೈಯಲ್ಲಿ ದೊಡ್ಡವು ಎನ್ನಬಹುದಾದ ಎಳೆಗಳೆಂದರೆ ಅವೇ. ಕೂದಲಿಗಿಂತ ಸಪೂರವಾದ ವಿದ್ಯುದ್ವಾರದ ತುದಿಯನ್ನು ಆ ಎಳೆಗೆ ತಾಗಿಸಿ, ಬಿಸಿ ಏರಿದಂತೆ ಪರದೆಯ ಮೇಲೆ ಮೂಡುವ ಸ್ಪಂದನಗಳನ್ನು ಗಮನಿಸುವುದು ಕೆಲಸ. 1976ರಲ್ಲಿ ಪ್ರಕಟವಾದ ಅವರ ಪ್ರಬಂಧ ಉತ್ತರ ಕೊಟ್ಟಿತು: ದೋಷ ಸ್ನಾಯುವಿನದಲ್ಲ, ನರಮಂಡಲದ್ದು. ಅದೇ ವರ್ಷ ಕಜುವೊ ಇಕೆಡ ಮತ್ತು ಸಂಗಡಿಗರು ಶಿಬಿರೆ ನೊಣದಲ್ಲಿ ನರದ ತುದಿಯಿಂದ ಸ್ನಾಯುವಿಗೆ ಸಂದೇಶ ದಾಟುವುದೇ ಬಿಸಿಯಲ್ಲಿ ನಿಲ್ಲುತ್ತದೆ ಎಂದು ತೋರಿಸಿದರು. ಮೂರು ನೊಣಗಳು ಒಂದೇ ರೀತಿ ಬೀಳುತ್ತಿದ್ದರೂ ಒಳಗೆ ಮುರಿದ ಜಾಗ ಬೇರೆಬೇರೆ ಎಂಬ ಸುಳಿವು ಹತ್ತಿತು.

ಮೂರು ನೊಣ, ಮೂರು ಜಾಗ

ಪ್ಯಾರಾ ನೊಣದಲ್ಲಿ ಕೆಟ್ಟದ್ದು ಮೊದಲ ಹಂತ. ನರದ ಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳನುಗ್ಗಲು ಪುಟ್ಟ ಬಾಗಿಲುಗಳಿವೆ. ಒಂದು ಬಾಗಿಲು ತೆರೆದಾಗ ಆಗುವ ವಿದ್ಯುತ್ ಬದಲಾವಣೆ ಪಕ್ಕದ ಬಾಗಿಲನ್ನು ತೆರೆಸುತ್ತದೆ. ಹೀಗೆ ಸ್ಪಂದನ ನರದುದ್ದಕ್ಕೂ ಓಡುತ್ತದೆ. 1989ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬ್ಯಾರಿ ಗ್ಯಾನೆಟ್ಸ್ಕಿಯ ತಂಡ ಪ್ಯಾರಾ ಜೀನನ್ನು ಓದಿ ನೋಡಿದಾಗ ಅದು ಈ ಸೋಡಿಯಂ ಬಾಗಿಲಿನ ಪ್ರೋಟೀನನ್ನೇ ತಯಾರಿಸುವ ಜೀನ್ ಎಂದು ಗೊತ್ತಾಯಿತು.

ನಮ್ಮ ಬಡಾವಣೆಯ ಮನೆಮನೆಯಲ್ಲೂ ಸಂಜೆಯಾದರೆ ಈ ಬಾಗಿಲಿನ ಮೇಲೆ ಒಂದು ಪ್ರಯೋಗ ನಡೆಯುತ್ತದೆ. ಸೊಳ್ಳೆಬತ್ತಿಯಲ್ಲೂ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ದ್ರಾವಣದಲ್ಲೂ ಇರುವುದು ಪೈರೆತ್ರಾಯ್ಡ್ ಜಾತಿಯ ರಾಸಾಯನಿಕ. ಅದು ಸೊಳ್ಳೆಯ ನರದ ಇದೇ ಸೋಡಿಯಂ ಬಾಗಿಲಿಗೆ ಅಂಟಿ, ಮುಚ್ಚಲು ಬಿಡದೆ ಹಿಡಿದಿಡುತ್ತದೆ. ನರಗಳು ಎಡೆಬಿಡದೆ ಸ್ಪಂದಿಸಿ ಸೊಳ್ಳೆ ಒದ್ದಾಡಿ ಬೀಳುತ್ತದೆ. ಡಿಡಿಟಿ ಕೊಲ್ಲುತ್ತಿದ್ದುದೂ ಹೀಗೆಯೇ. ವರ್ಷ ಕಳೆದಂತೆ ಔಷಧಕ್ಕೆ ಸೊಳ್ಳೆ ಜಗ್ಗದಿರುವುದಕ್ಕೆ ಮುಖ್ಯ ಕಾರಣಗಳಲ್ಲೊಂದು, ಪ್ಯಾರಾಕ್ಕೆ ಸಮನಾದ ಅದರ ಜೀನಿನಲ್ಲಾಗುವ ಸಣ್ಣ ಬದಲಾವಣೆ. ಬಾಗಿಲಿನ ಆಕಾರ ಚೂರು ಬದಲಾದರೂ ವಿಷಕ್ಕೆ ಹಿಡಿತ ಸಿಗುವುದಿಲ್ಲ.

ಶಿಬಿರೆ ನೊಣದಲ್ಲಿ ಸ್ಪಂದನ ನರದ ತುದಿಯವರೆಗೆ ಸರಿಯಾಗಿಯೇ ಬರುತ್ತದೆ. ಅಲ್ಲಿ ಸುರಿಯಲು ಏನೂ ಇರುವುದಿಲ್ಲ. 1979ರಲ್ಲಿ ಕ್ಲಿಫ್ಟನ್ ಪೂಡ್ರಿ ಮತ್ತು ಲೋಯಿಸ್ ಎಡ್ಗರ್, ಬಿಸಿಗೆ ಬಿದ್ದ ಶಿಬಿರೆ ನೊಣದ ನರತುದಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚೀಲಗಳು ಒತ್ತೊತ್ತಾಗಿರಬೇಕಾದ ಜಾಗ ಬರಿದಾಗಿತ್ತು. ಮುಂದೆ ಇಕೆಡ ಮತ್ತು ಜೇನ್ ಕೋನಿಗ್ ತೆಗೆದ ಚಿತ್ರಗಳಲ್ಲಿ ಇನ್ನೂ ಸ್ಪಷ್ಟವಾದದ್ದು ಕಂಡಿತು. ಹೊಸ ಚೀಲವಾಗಲು ಒಳಕ್ಕೆ ಬಾಗಿದ ಪೊರೆ, ಕುತ್ತಿಗೆ ತುಂಡಾಗದೆ ಅಲ್ಲಿಯೇ ಸಿಕ್ಕಿಕೊಂಡು ನಿಂತಿತ್ತು. ಕುತ್ತಿಗೆಯ ಸುತ್ತ ಕಾಲರ್ ಕಟ್ಟಿದಂತೆ ಕಪ್ಪನೆಯ ಪಟ್ಟಿಯಿತ್ತು.

ಮನೆಯ ಅಡುಗೆ ಅನಿಲದ ವ್ಯವಹಾರ ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಖಾಲಿ ಸಿಲಿಂಡರ್ ಹಿಂದಕ್ಕೆ ಕೊಟ್ಟರೆ ಮಾತ್ರ ತುಂಬಿದ ಸಿಲಿಂಡರ್ ಸಿಗುತ್ತದೆ. ನರದ ತುದಿಯೂ ಹಾಗೆ ನಡೆಯುತ್ತದೆ. ಪೊರೆಗೆ ಬೆಸೆದು ಖಾಲಿಯಾದ ಚೀಲವನ್ನು ಒಳಕ್ಕೆಳೆದು, ಕತ್ತರಿಸಿ ತೆಗೆದು, ಮತ್ತೆ ರಾಸಾಯನಿಕ ತುಂಬಬೇಕು. ಶಿಬಿರೆಯಲ್ಲಿ ಆ ಕತ್ತರಿಸುವ ಕೆಲಸ ನಿಂತಿತ್ತು. ಚೀಲಗಳು ಹೀಗೆ ಮರುಬಳಕೆಯಾಗುತ್ತವೆ ಎಂದು ಜಾನ್ ಹ್ಯೂಸರ್ ಮತ್ತು ಥಾಮಸ್ ರೀಸ್ 1973ರಲ್ಲಿ ಕಪ್ಪೆಯ ನರಗಳಲ್ಲಿ ತೋರಿಸಿದ್ದರು. ಕತ್ತರಿ ಯಾವುದೆಂಬುದನ್ನು ನೊಣವೇ ಹೇಳಬೇಕಾಗಿತ್ತು.

1989ರಲ್ಲಿ ಕರುವಿನ ಮಿದುಳಿನಿಂದ ಡೈನಮಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಲಾಗಿತ್ತು. ಕೋಶದೊಳಗೆ ಸಾಮಾನು ಸಾಗಿಸುವ ಯಂತ್ರವಿರಬೇಕು ಎಂದು ಆಗ ಊಹಿಸಿದ್ದರು. 1991ರಲ್ಲಿ ಎರಡು ತಂಡಗಳು ಶಿಬಿರೆ ಜೀನನ್ನು ಓದಿದಾಗ ಅದು ಡೈನಮಿನ್ನಿನ ಜೀನೇ ಆಗಿತ್ತು. ಡೈನಮಿನ್ ಅಣುಗಳು ಚೀಲದ ಕುತ್ತಿಗೆಯ ಸುತ್ತ ಸುರುಳಿ ಸುತ್ತಿ, ಜಿಟಿಪಿ ಎಂಬ ಇಂಧನ ಉರಿಸಿ, ಅದನ್ನು ಚಿವುಟಿ ಬೇರ್ಪಡಿಸುತ್ತವೆ ಎಂಬುದು ಈಗ ಪಠ್ಯಪುಸ್ತಕದ ಮಾತು. ಬೀಳುವ ನೊಣ ಕೈಯಲ್ಲಿಲ್ಲದಿದ್ದರೆ ಹಳೆಯ ಊಹೆ ಇನ್ನೆಷ್ಟು ಕಾಲ ಉಳಿಯುತ್ತಿತ್ತೋ.

ಇಲ್ಲಿ ಮುಂಬಯಿಯ ಇನ್ನೊಬ್ಬ ವಿಜ್ಞಾನಿ ಕೆ.ಎಸ್. ಕೃಷ್ಣನ್ ಅವರನ್ನು ನೆನೆಯಬೇಕು. ಸಿದ್ದಿಕಿ ಕಟ್ಟಿದ ವಿಭಾಗದಲ್ಲಿಯೇ ಇದ್ದ ಅವರು ಮಣಿ ರಾಮಸ್ವಾಮಿ ಮತ್ತು ರೆಜಿಸ್ ಕೆಲ್ಲಿ ಜೊತೆ 1994ರಲ್ಲಿ ಜೀವಂತ ನೊಣಮರಿಯ ನರತುದಿಗೆ ಹೊಳೆಯುವ ಬಣ್ಣ ಹಾಕಿ, ಚೀಲಗಳು ಅದನ್ನು ಒಳಗೆಳೆದುಕೊಳ್ಳುವುದನ್ನು ಕಣ್ಣಾರೆ ನೋಡುವಂತೆ ಮಾಡಿದರು. 2001ರಲ್ಲಿ ಕೃಷ್ಣನ್ ಮತ್ತು ರಾಮಸ್ವಾಮಿ ತಂಡಗಳು ಡೈನಮಿನ್ನಿಗೆ ಬೇಕಾದ ಜಿಟಿಪಿ ಒದಗಿಸುವ ಕಿಣ್ವವನ್ನೂ ನೊಣದ ತಳಿಗಳ ಮೂಲಕವೇ ಗುರುತಿಸಿದವು. ಕೃಷ್ಣನ್ ಮುಂದೆ ಬೆಂಗಳೂರಿಗೆ ಬಂದು ಕೆಲಸ ಮುಂದುವರಿಸಿದರು.

ಉಳಿದದ್ದು ಕೋಮಟೋಸ್, ಸಿದ್ದಿಕಿ ಮತ್ತು ಬೆಂಜರ್ ಹುಡುಕಿದ ನೊಣ. ಚೀಲ ಪೊರೆಗೆ ಬೆಸೆಯಲು ಚೀಲದ ಮೇಲಿನ ಪ್ರೋಟೀನ್ ಎಳೆಯೂ ಪೊರೆಯ ಮೇಲಿನ ಎಳೆಗಳೂ ಒಂದಕ್ಕೊಂದು ಹೆಣೆದುಕೊಂಡು ಬಿಗಿಯುತ್ತವೆ. ಸ್ನೇರ್ ಎಂದು ಅವುಗಳ ಹೆಸರು. ಅವು ಎಷ್ಟು ಮುಖ್ಯ ಎಂಬುದನ್ನು ಧನುರ್ವಾಯು ಚೆನ್ನಾಗಿ ತೋರಿಸುತ್ತದೆ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಹಿರಿಯರು ಓಡೋಡಿ ಟಿಟಿ ಇಂಜೆಕ್ಷನ್ ಹಾಕಿಸುತ್ತಿದ್ದ ಆ ರೋಗದ ವಿಷ, ಚೀಲದ ಮೇಲಿರುವ ಸ್ನೇರ್ ಎಳೆಯನ್ನು ಕತ್ತರಿಸಿಬಿಡುತ್ತದೆ. ಸ್ನಾಯುವನ್ನು ಸಡಿಲಿಸಲು ಹೇಳುವ ನರಗಳು ಮೂಕವಾಗಿ ಮೈ ಬಿಲ್ಲಿನಂತೆ ಸೆಟೆಯುತ್ತದೆ.

ಬೆಸುಗೆ ಮುಗಿದ ಮೇಲೆ ಹೆಣೆದುಕೊಂಡ ಆ ಎಳೆಗಳನ್ನು ಯಾರಾದರೂ ಬಿಡಿಸಬೇಕು, ಇಲ್ಲದಿದ್ದರೆ ಮುಂದಿನ ಚೀಲಕ್ಕೆ ಎಳೆಯೇ ಇರುವುದಿಲ್ಲ. ಬಿಡಿಸುವ ಪ್ರೋಟೀನಿನ ಹೆಸರು ಎನ್‌ಎಸ್‌ಎಫ್. ಜೇಮ್ಸ್ ರೋಥ್‌ಮನ್ ಅದನ್ನು 1980ರ ದಶಕದಲ್ಲಿ ಪ್ರಾಣಿಕೋಶಗಳ ರಸದಿಂದ ಬೇರ್ಪಡಿಸಿದ್ದರು. ಜೀವಂತ ಪ್ರಾಣಿಯ ನರದಲ್ಲಿ ಅದು ಯಾವ ಗಳಿಗೆಯಲ್ಲಿ ಕೆಲಸ ಮಾಡುತ್ತದೆ ಎಂಬುದು ಚರ್ಚೆಯಲ್ಲಿತ್ತು. 1995ರಲ್ಲಿ ಗ್ಯಾನೆಟ್ಸ್ಕಿಯ ತಂಡ ಕೋಮಟೋಸ್ ಜೀನನ್ನು ಓದಿತು. ಅದು ಎನ್‌ಎಸ್‌ಎಫ್ ಜೀನೇ ಆಗಿತ್ತು. 1998ರ ಹೊತ್ತಿಗೆ ಈ ನೊಣದ ಮೇಲೆ ನಡೆದ ಪ್ರಯೋಗಗಳು ಚಿತ್ರವನ್ನು ಪೂರ್ತಿ ಮಾಡಿದವು. ಬಿಸಿಯಲ್ಲಿ ಎಳೆಗಳ ಗಂಟುಗಳು ಬಿಡಿಸಿಕೊಳ್ಳದೆ ರಾಶಿ ಬೀಳುತ್ತವೆ, ಚೀಲಗಳು ಅಂಚಿಗೆ ಬಂದು ಸಾಲುಗಟ್ಟಿದರೂ ಸುರಿಯಲಾರವು.

ಒಬ್ಬರು ಕೋಶವನ್ನು ಅರೆದು ಪ್ರೋಟೀನ್ ತೆಗೆದರು, ಇನ್ನೊಬ್ಬರು ನೊಣವನ್ನು ಬಿಸಿ ಮಾಡಿ ತಳಿ ತೆಗೆದರು. ಎರಡು ದಾರಿಗಳೂ ಒಂದೇ ಅಣುವಿನ ಬಳಿ ಬಂದು ಕೂಡಿದವು. ಕೋಶದೊಳಗಿನ ಚೀಲಗಳ ಸಾಗಣೆಯ ಗುಟ್ಟು ಬಿಡಿಸಿದ್ದಕ್ಕೆ ರೋಥ್‌ಮನ್, ರ್‍ಯಾಂಡಿ ಶೆಕ್‌ಮನ್ ಮತ್ತು ಥಾಮಸ್ ಸೂಡಾಫ್ ಅವರಿಗೆ ನೊಬೆಲ್ ಬಂದದ್ದು 2013ರ ಅಕ್ಟೋಬರಿನಲ್ಲಿ. ಆ ಸುದ್ದಿ ಕೇಳಲು ಸಿದ್ದಿಕಿ ಇರಲಿಲ್ಲ. ಅದೇ ವರ್ಷ ಜುಲೈನಲ್ಲಿ ಬೆಂಗಳೂರಿನ ರಸ್ತೆಯಲ್ಲಿ ಅಪಘಾತಕ್ಕೊಳಗಾಗಿ, 26ರಂದು ತಮ್ಮ 81ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಬೆಂಗಳೂರು, ಮೈಸೂರು

ಅಮೆರಿಕದಿಂದ ಮರಳಿದ ಸಿದ್ದಿಕಿ ಮುಂಬಯಿಯಲ್ಲಿ ವೆರೋನಿಕಾ ರಾಡ್ರಿಗಸ್ ಎಂಬ ವಿದ್ಯಾರ್ಥಿನಿಯೊಡನೆ ನೊಣದ ರುಚಿ ಮತ್ತು ವಾಸನೆಯ ಜೀನುಗಳ ಬೆನ್ನು ಹತ್ತಿದರು. 1978ರಲ್ಲಿ ಇಬ್ಬರೂ ಪ್ರಕಟಿಸಿದ ಕೆಲಸ ಆ ಕ್ಷೇತ್ರಕ್ಕೆ ತಳಹದಿಯಾಯಿತು. 1990ರ ದಶಕದ ಆರಂಭದಲ್ಲಿ ಸಿದ್ದಿಕಿ ಬೆಂಗಳೂರಿಗೆ ಬಂದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ಹೆಬ್ಬಾಳದಾಚೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ಆ ಸಂಸ್ಥೆಗೆ ಇಂದು ದೇಶದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ನಿರ್ದೇಶಕ ಹುದ್ದೆ ಬಿಟ್ಟ ಮೇಲೂ ಸಿದ್ದಿಕಿ ಅಲ್ಲಿ ನೊಣದ ವಾಸನೆಯ ನೆನಪಿನ ಮೇಲೆ ಪ್ರಯೋಗ ಮಾಡುತ್ತಲೇ ಇದ್ದರು. ಗೈತಿ ಹಸನ್ ಅವರ ತಂಡ ಅಲ್ಲಿಯೇ ನೊಣದ ನರಕೋಶಗಳಲ್ಲಿ ಕ್ಯಾಲ್ಸಿಯಂ ಸಂಕೇತಗಳ ಬಗ್ಗೆ ದಶಕಗಳ ಕಾಲ ದುಡಿದಿದೆ.

ಕರ್ನಾಟಕಕ್ಕೆ ನೊಣದ ವಿದ್ಯೆ ಅದಕ್ಕೂ ಹಿಂದಿನಿಂದ ಗೊತ್ತು. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಂ.ಆರ್. ರಾಜಶೇಖರಶೆಟ್ಟಿ ಹಾಕಿದ ಬುನಾದಿಯ ಮೇಲೆ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲ ತಳಿಗಳ ಸಂಗ್ರಹಾಲಯವೇ ಬೆಳೆದಿದೆ. ಅಲ್ಲಿ ನೊಣಕ್ಕೆ ಹಾಕುವ ಮೇವು ನಮ್ಮ ಅಡುಗೆಮನೆಗೆ ದೂರದ್ದಲ್ಲ. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್ ಹಾಕಿ ಕುದಿಸಿ, ಬೂಷ್ಟು ಹಿಡಿಯದಿರಲೆಂದು ಏಳೂವರೆ ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ ಬೆರೆಸುತ್ತಾರೆ. ಬಿಸಿಯಿರುವಾಗಲೇ ಬಾಟಲಿಗೆ ಸುರಿದು, ಆರಿ ಗಟ್ಟಿಯಾದ ಮೇಲೆ ಮೇಲೊಂದಿಷ್ಟು ಯೀಸ್ಟ್ ಉದುರಿಸಿ, ನೊಣ ಬಿಟ್ಟು ಹತ್ತಿಯ ಮುಚ್ಚಳ ತುರುಕಿದರೆ ಆಯಿತು. ಹತ್ತು ಹನ್ನೆರಡು ದಿನಕ್ಕೆ ಹೊಸ ಪೀಳಿಗೆ ಹೊರಬರುತ್ತದೆ.

ನೊಣದಿಂದ ಮಗುವಿನವರೆಗೆ

ನೊಣದ ನರದ ಬಗ್ಗೆ ತಿಳಿದು ಮನುಷ್ಯನಿಗೇನು ಲಾಭ ಎಂದು ಪಿಯುಸಿ ಹುಡುಗರು ಕೇಳುತ್ತಾರೆ, ಅವರ ಅಪ್ಪ-ಅಮ್ಮಂದಿರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಈ ಮೂರು ಪ್ರೋಟೀನುಗಳೂ ನಮ್ಮ ಮಿದುಳಿನಲ್ಲಿ ಸ್ವಲ್ಪವೇ ಬದಲಾದ ರೂಪದಲ್ಲಿವೆ. ಅವುಗಳಲ್ಲಿ ಸೋಡಿಯಂ ಬಾಗಿಲಿನ ಒಂದು ಜೀನ್ ಕೆಟ್ಟರೆ ಡ್ರಾವೆ ಸಿಂಡ್ರೋಮ್ ಎಂಬ ಮೂರ್ಛೆರೋಗ ಬರುತ್ತದೆ ಎಂಬುದು 2001ರಲ್ಲಿ ತಿಳಿಯಿತು. ಒಂದು ವರ್ಷ ತುಂಬುವ ಮೊದಲೇ, ಜ್ವರ ಬಂದು ಮೈ ಬಿಸಿಯಾದಾಗ ಮಗುವಿಗೆ ಸೆಳೆತ ಶುರುವಾಗುತ್ತದೆ. ಸಾಮಾನ್ಯ ಮೂರ್ಛೆಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಮಾತ್ರೆಗಳು ಸೋಡಿಯಂ ಬಾಗಿಲನ್ನು ತಡೆಯುತ್ತವೆ. ಈ ಮಕ್ಕಳಲ್ಲಿ ಮೊದಲೇ ಸೋತಿರುವುದು ಮಿದುಳನ್ನು ಹದ್ದುಬಸ್ತಿನಲ್ಲಿಡುವ ನರಕೋಶಗಳ ಬಾಗಿಲು. ಆದ್ದರಿಂದ ಅವೇ ಮಾತ್ರೆಗಳು ಸೆಳೆತವನ್ನು ಹೆಚ್ಚಿಸಬಹುದು. ಅದಕ್ಕೇ ವೈದ್ಯರು ಇಲ್ಲಿ ಅವನ್ನು ಸಾಮಾನ್ಯವಾಗಿ ದೂರವಿಡುತ್ತಾರೆ. ಮುರಿದ ಜಾಗ ಯಾವುದು ಎಂದು ತಿಳಿಯುವುದರಿಂದ ಮಗುವಿನ ಚಿಕಿತ್ಸೆಯೇ ಬದಲಾಗುತ್ತದೆ. ಡೈನಮಿನ್ ಜೀನಿನ ದೋಷದಿಂದಲೂ ಎಳೆಯ ಮಕ್ಕಳಲ್ಲಿ ತೀವ್ರ ಮೂರ್ಛೆ ಬರುತ್ತದೆ ಎಂದು 2014ರಿಂದ ಗೊತ್ತಾಗಿದೆ.

ಇನ್ನೊಂದು ಲಾಭವನ್ನು ಯಾರೂ ಮೊದಲೇ ಊಹಿಸಿರಲಿಲ್ಲ. 2001ರಲ್ಲಿ ತೋಶಿಹಿರೊ ಕಿತಮೊಟೊ ಶಿಬಿರೆಯ ಕೆಟ್ಟ ಜೀನನ್ನು ನೊಣದ ಆಯ್ದ ಕೆಲವು ನರಕೋಶಗಳಲ್ಲಿ ಮಾತ್ರ ಇರುವಂತೆ ಮಾಡಿದರು. ಆಗ ಬಿಸಿ ಮಾಡಿದರೆ ನೊಣ ಬೀಳುವುದಿಲ್ಲ, ಆ ಕೆಲವು ಕೋಶಗಳು ಮಾತ್ರ ಮಾತು ನಿಲ್ಲಿಸುತ್ತವೆ. ಮಿದುಳಿನ ಯಾವ ಕೋಶ ಯಾವ ಕೆಲಸಕ್ಕೆ ಎಂದು ಒಂದೊಂದಾಗಿ ನಿಲ್ಲಿಸಿ ನೋಡುವ ಸಾಧನ ಕೈಗೆ ಬಂತು. ಅದೇ ವರ್ಷ ಈ ಉಪಾಯದಿಂದ ನೊಣದ ಮಿದುಳಿನ ಅಣಬೆಯಾಕಾರದ ಭಾಗ ಏನು ಮಾಡುತ್ತದೆಂದು ತಿಳಿಯಿತು. ಆ ಕೋಶಗಳು ಮಾತಾಡುವುದು ಕಲಿತದ್ದನ್ನು ನೆನಪಿಗೆ ತರುವಾಗ ಬೇಕು, ಕಲಿಯುವಾಗ ಬೇಕಿಲ್ಲ. ಬಾಟಲಿಯ ತಳಕ್ಕೆ ಬಿದ್ದ ನೊಣವನ್ನು ಎತ್ತಿಟ್ಟುಕೊಂಡಾಗ ನೆನಪಿನ ವಿಚಾರ ಯಾರ ಮನಸ್ಸಿನಲ್ಲೂ ಇರಲಿಲ್ಲ.

ಇದೇ ಈ ಕತೆಯ ತಿರುಳು. ಪ್ರಯೋಜನದ ಪಟ್ಟಿ ಕೈಯಲ್ಲಿ ಹಿಡಿದು ಹೊರಟಿದ್ದರೆ ಸಿದ್ದಿಕಿ ಕೋಮಟೋಸ್ ನೊಣವನ್ನು ಹುಡುಕುತ್ತಲೇ ಇರಲಿಲ್ಲ. ಅದರ ಅರ್ಥ ತಿಳಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಅಷ್ಟು ಕಾಲ ಕಾದವರು, ತಳಿಯನ್ನು ಪೀಳಿಗೆಯಿಂದ ಪೀಳಿಗೆಗೆ ಮೇವು ಹಾಕಿ ಉಳಿಸಿದವರು, ಅದಕ್ಕೆ ಸಂಬಳ ಕೊಟ್ಟ ಸಂಸ್ಥೆಗಳು ಎಲ್ಲರೂ ಈ ಆವಿಷ್ಕಾರದ ಪಾಲುದಾರರು.

ನಮ್ಮ ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯವಿದೆ. ಅಂಕ ಚೆನ್ನಾಗಿ ಬಂದ ಮಗುವನ್ನು ವೈದ್ಯಕೀಯ, ಎಂಜಿನಿಯರಿಂಗ್ ಎಂಬ ಎರಡು ಬಾಗಿಲುಗಳಿಗೆ ಮಾತ್ರ ತಳ್ಳುವ ರೂಢಿಯನ್ನು ಸ್ವಲ್ಪ ಸಡಿಲಿಸೋಣ. ಮೂಲವಿಜ್ಞಾನ ಓದುತ್ತೇನೆ ಎಂದು ಮಗಳೋ ಮಗನೋ ಹೇಳಿದರೆ "ಮುಂದೆ ಏನು ಮಾಡ್ತೀಯ" ಎಂದು ಹೆದರಿಸುವ ಮೊದಲು ಸಿದ್ದಿಕಿಯ ಹೆಸರು ಒಮ್ಮೆ ನೆನೆಯಿರಿ. ಪಿಯು ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರುಗಳಲ್ಲಿ ಇನ್ನೊಂದು ವಿನಂತಿ. ಸಿನಾಪ್ಸಿನ ಚಿತ್ರ ಬರೆಸಿ, ಭಾಗಗಳನ್ನು ಗುರುತಿಸಿ ಎಂದು ಹೇಳಿದಲ್ಲಿಗೆ ಪಾಠ ಮುಗಿಸಬೇಡಿ. ರವೆ, ಬೆಲ್ಲ, ಯೀಸ್ಟ್, ಒಂದಷ್ಟು ಖಾಲಿ ಬಾಟಲಿ ಇಷ್ಟಕ್ಕೆ ದೊಡ್ಡ ಅನುದಾನ ಬೇಡ. ಮಕ್ಕಳು ನೊಣ ಸಾಕಲಿ, ಎಣಿಸಲಿ, ಬೇರೆಯಾಗಿ ಕಂಡದ್ದನ್ನು ಎತ್ತಿಟ್ಟುಕೊಳ್ಳಲು ಕಲಿಯಲಿ. ಮುಂದಿನ ಆವಿಷ್ಕಾರ ಮಾಡುವವರು ಆ ತರಗತಿಯಲ್ಲೇ ಇರಬಹುದು.